ಆ ಪೇಪರ್ ಕಟಿಂಗ್ ನಮ್ಮ ಕಂಪನಿದಲ್ಲ

ಸೌತ್ ಸ್ಯಾನ್ ಫ್ರಾನ್ಸಿಸ್ಕೊ
16 ನವೆಂಬರ್ 2025, ಭಾನುವಾರ

ಅಮ್ಮನಿಗೆ ನಮಸ್ಕಾರ. ನಾನು ಕ್ಷೇಮ. ನೀವೂ ಕ್ಷೇಮ ಅಂದ್ಕೊಂಡಿದೀನಿ ಅಂತ ಬರೆಯೋ ಹಾಗಿಲ್ಲ, ಯಾಕಂದ್ರೆ ನಿನ್ನ ಚೀಟಿ ಸಿಕ್ತು.

ಚಟ್ನಿಪುಡಿ ಡಬ್ಬಿ ತಳದಲ್ಲಿ ಪ್ಲಾಸ್ಟಿಕ್ ಸುತ್ತಿ ಇಟ್ಟಿದ್ಯಲ್ಲ, ಅದು ನನ್ನ ಕೈಗೆ ಬರೋಕೆ ಒಂಬತ್ತು ದಿನ ಆಯ್ತು. ಅಷ್ಟು ಚಟ್ನಿಪುಡಿ ಖರ್ಚಾಗ್ಬೇಕಿತ್ತು. ಇನ್ನು ಮೇಲೆ ಇಂಥ ವಿಷಯ ಇದ್ರೆ ಮೇಲೇ ಇಡು ಮಾರಾಯ್ತಿ. ಫೋನಲ್ಲಿ ಯಾಕೆ ಹೇಳಲಿಲ್ಲ ಅಂತ ಕೇಳಲ್ಲ, ಗೊತ್ತು. ಅಪ್ಪಯ್ಯ ಪಕ್ಕದಲ್ಲೇ ಕೂತು ಸ್ಪೀಕರ್ ಹಾಕು ಅಂತಾರೆ. ಅದಕ್ಕೇ ನಾನೂ ಬರೀತಿದೀನಿ. ಸಾಗರದ ಕಡೆಯ ಹುಡುಗಿಯೊಬ್ಬಳು ಇವತ್ತು ರಾತ್ರಿ ಊರಿಗೆ ಹೊರಟಿದಾಳೆ, ಅವಳ ಕೈಲಿ ಕೊಡ್ತೀನಿ.

ಮೊದಲು ಮುಖ್ಯದ್ದು. ದೀಪಾವಳಿಯಿಂದ ಅಪ್ಪಯ್ಯ ಶ್ವಾಸಕೋಶದ ಮಾತ್ರೆ ನಿಲ್ಲಿಸಿದಾರೆ ಅಂತ ಬರೆದಿದೀಯ. ಹೊಟ್ಟೆ ಕೆಡುತ್ತೆ, ದಿನಕ್ಕೆ ಐದಾರು ಸಲ ಹಿತ್ತಲಿಗೆ ಓಡ್ಬೇಕು, "ಹೇಗೂ ಮಗಳು ಹೊಸ ಔಷಧಿ ಕಳಿಸ್ತಾಳೆ, ಇದ್ಯಾಕೆ" ಅಂದ್ರಂತೆ. ಅಮ್ಮ, ಇದನ್ನ ಓದಿದ ಮೇಲೆ ನಾನು ಎರಡು ರಾತ್ರಿ ಮಲಗಿಲ್ಲ. ನಾಳೆನೇ ಗಿರಿಗೆ ಹೇಳಿ ಮಣಿಪಾಲದ ಡಾಕ್ಟರಿಗೆ ಫೋನ್ ಮಾಡ್ಸು. ಆ ನಿಂಟೆಡನಿಬ್ ಮಾತ್ರೆ ತಗೊಂಡವರಲ್ಲಿ ನೂರಕ್ಕೆ ಅರವತ್ತು ಜನಕ್ಕೆ ಭೇದಿ ಆಗತ್ತೆ, ಡಾಕ್ಟರಿಗೆ ಅದು ಹೊಸ ಸುದ್ದಿ ಅಲ್ಲ. 150 ಮಿಲಿಗ್ರಾಂದು ತಡೆಯದೇ ಹೋದ್ರೆ 100ಕ್ಕೆ ಇಳಿಸ್ತಾರೆ, ಭೇದಿಗೆ ಬೇರೆ ಮಾತ್ರೆ ಕೊಡ್ತಾರೆ. ಊಟದ ಜೊತೇಲೇ ತಗೋಬೇಕು. ಅಪ್ಪಯ್ಯ ಬೆಳಿಗ್ಗೆ ಬರೀ ಕಾಫಿ ಕುಡಿದು ಅದರ ಮೇಲೆ ನುಂಗ್ತಿದ್ರು ಅಂತ ನನಗೆ ಅನುಮಾನ. ಹೌದೋ ಅಲ್ವೋ ನೀನೇ ನೋಡು. ಹಾಗಂತ ನಾನು ಹೇಳಿದೆ ಅಂತ ನೀವೇ ಮತ್ತೆ ಶುರು ಮಾಡ್ಬೇಡಿ, ಡಾಕ್ಟರನ್ನ ಕೇಳಿಯೇ ಶುರು ಮಾಡಿ.

"ತಗೊಂಡ್ರೂ ಕೆಮ್ಮು ಕಡಿಮೆ ಆಗ್ಲಿಲ್ಲ, ಮತ್ತೆಂತಕ್ಕೆ" ಅಂತ ಕೇಳಿದ್ರಂತಲ್ಲ. ಕಡಿಮೆ ಮಾಡೋ ಮಾತ್ರೆ ಅಲ್ಲ ಅದು. ಈ ಕಾಯಿಲೆಲಿ ಶ್ವಾಸಕೋಶ ಒಳಗಿಂದ ಗಾಯದ ಕಲೆ ತರ ಗಟ್ಟಿಯಾಗ್ತಾ ಹೋಗತ್ತೆ. ಗಟ್ಟಿಯಾದದ್ದನ್ನ ಮೆತ್ತಗೆ ಮಾಡೋಕೆ ಈ ಮಾತ್ರೆಗಾಗಲ್ಲ. ಇಳಿಜಾರಲ್ಲಿ ನಿಂತ ಗಾಡಿ ಚಕ್ರಕ್ಕೆ ಕಲ್ಲು ಕೊಟ್ಟ ಹಾಗೆ, ಅಷ್ಟೇ. ಗಾಡಿ ಮೇಲೆ ಹತ್ತಲಿಲ್ಲ ಅಂತ ಯಾರಾದ್ರೂ ಕಲ್ಲು ತೆಗೀತಾರಾ?

ಇನ್ನು ಈ ಕಾಯಿಲೆಗೆ ಕಂಪ್ಯೂಟರ್ ಹೊಸ ಔಷಧಿ ಹುಡುಕಿದೆ ಅಂತ ಶೇಷಣ್ಣ ಕೊಟ್ಟ ಪೇಪರ್ ಕಟಿಂಗ್ ವಿಷಯ. ಅದನ್ನ ಮಡಚಿ ಅಂಗಿ ಜೇಬಲ್ಲೇ ಇಟ್ಕೊಂಡು, ಬಂದವರಿಗೆಲ್ಲ "ನಮ್ಮ ಹುಡುಗಿ ಕಂಪನಿ" ಅಂತ ತೋರಿಸ್ತಿದಾರೆ ಅಂದ್ರೆ ನಗಬೇಕೋ ಅಳಬೇಕೋ. ಅದು ನಮ್ಮ ಕಂಪನಿದಲ್ಲ. ಇನ್‌ಸಿಲಿಕೊ ಅಂತ ಬೇರೆಯವರದ್ದು, ಅಲೆಕ್ಸ್ ಝಾವರಾಂಕೊವ್ ಅನ್ನೋರು ಕಟ್ಟಿದ್ದು. ಆ ಔಷಧಿ ಹೆಸರು ರೆಂಟೊಸರ್ಟಿಬ್. ಸುದ್ದಿ ಸುಳ್ಳಲ್ಲ. ಯಾವ ಪ್ರೋಟೀನಿಗೆ ಹೊಡೀಬೇಕು ಅಂತ ಹುಡುಕಿದ್ದೂ ಕಂಪ್ಯೂಟರೇ, ಹೊಡೆಯೋ ಅಣು ಬಿಡಿಸಿದ್ದೂ ಕಂಪ್ಯೂಟರೇ. ಅಪ್ಪಯ್ಯನದೇ ಕಾಯಿಲೆಗೆ, ಅದೂ ನಿಜ. ಆದ್ರೆ ಪರೀಕ್ಷೆ ಮಾಡಿದ್ದು ಚೀನಾದಲ್ಲಿ 71 ಜನರ ಮೇಲೆ, 12 ವಾರ. ಅದರಲ್ಲೂ ಜಾಸ್ತಿ ಡೋಸ್ ಕೊಟ್ಟ 18 ಜನಕ್ಕೆ ಊದೋ ಗಾಳಿ ಸರಾಸರಿ 98 ಮಿಲಿಲೀಟರ್ ಹೆಚ್ಚಾಯ್ತು, ಔಷಧಿ ಇಲ್ಲದ ಉತ್ತುತ್ತು ಮಾತ್ರೆ ತಿಂದವರಿಗೆ 20 ಕಡಿಮೆ ಆಯ್ತು. ತೊಂಬತ್ತೆಂಟು ಮಿಲಿಲೀಟರ್ ಅಂದ್ರೆ ನೀನು ಅಪ್ಪಯ್ಯಂಗೆ ಕೊಡೋ ಲೋಟದಲ್ಲಿ ಅರ್ಧ ಕಾಫಿ. ಕೆಲವರಿಗೆ ಲಿವರ್ ತೊಂದ್ರೆ ಆಗಿ ಬಿಡಬೇಕಾಯ್ತು. ಇನ್ನೂ ದೊಡ್ಡ ಪರೀಕ್ಷೆ ಆಗ್ಬೇಕು, ಅದಕ್ಕೆ ವರ್ಷಗಳು ಬೇಕು. ಯಾವ ಅಂಗಡೀಲೂ ಸಿಗಲ್ಲ. "ಯಾರ ಕೈಲಾದ್ರೂ ಒಂದು ಬಾಟಲಿ ಕಳಿಸು" ಅಂತ ಬರೆದಿದೀಯಲ್ಲ, ಇದ್ದಿದ್ರೆ ಊರಿಗೆ ಹೊರಟವರ ಕಾಲಿಗೆ ಬಿದ್ದಾದ್ರೂ ಕಳಿಸ್ತಿದ್ದೆ.

ತಪ್ಪು ನಂದೂ ಇದೆ. ಹೋದ ವರ್ಷ ಚೌತಿಗೆ ಬಂದಾಗ ಜಗಲಿ ಮೇಲೆ ಕೂತು ಶೇಷಣ್ಣನ ಎದುರು ಎಷ್ಟು ಕೊಚ್ಚಿಕೊಂಡೆ ನೆನಪಿದ್ಯಾ? "ಹತ್ತು ವರ್ಷದ ಕೆಲಸ ನಮ್ಮ ಕಂಪ್ಯೂಟರು ಎರಡೇ ವರ್ಷಕ್ಕೆ ಮಾಡತ್ತೆ" ಅಂದಿದ್ದೆ. ಆಗ ಅಪ್ಪಯ್ಯಂಗೆ ಬರೀ ಕೆಮ್ಮು ಇತ್ತು. ಅಡಿಕೆ ಧೂಳು ಅಂದ್ಕೊಂಡಿದ್ವಿ. ನನ್ನ ಆ ಒಂದು ಮಾತನ್ನ ಅವರು ಗಂಟು ಕಟ್ಟಿ ಇಟ್ಕೊಂಡಿದಾರೆ. ಅಣು ಹುಡುಕೋ ಕೆಲಸ ಬೇಗ ಆಗತ್ತೆ ಅಂತ ನಾನು ಹೇಳಿದ್ದು, ಮನುಷ್ಯರ ಮೇಲೆ ಪರೀಕ್ಷೆ ಮಾಡೋದಲ್ಲ. ಅಡಿಕೆ ಸಸಿ ಎಷ್ಟು ಬೇಗ ನೆಟ್ರೂ ಫಸಲಿಗೆ ಐದಾರು ವರ್ಷ ಕಾಯಲೇಬೇಕಲ್ಲ, ಹಾಗೆ. ಈ ಅರ್ಧ ಮಾತ್ರ ನಾನು ಅವತ್ತು ಹೇಳಲಿಲ್ಲ.

"ಈ ಔಷಧಿ ಮಾಡೋರೆಲ್ಲ ಡಾಕ್ಟರೇನು, ನಂಬಬಹುದಾ" ಅಂತಲೂ ಕೇಳಿದಾರಂತೆ. ಇಲ್ಲಿ ಡಾಕ್ಟರೇ ಕಡಿಮೆ ಅಂದ್ರೆ ನಂಬ್ತೀಯಾ? ಇದೇ ಊರಲ್ಲಿ ಇನ್‌ಸಿಟ್ರೊ ಅಂತ ಕಂಪನಿ ಇದೆ, 2018ರಲ್ಲಿ ಶುರು ಮಾಡಿದ್ದು ಡಾಫ್ನಿ ಕೋಲರ್ ಅನ್ನೋ ಹೆಂಗಸು. ಸ್ಟ್ಯಾನ್‌ಫರ್ಡಲ್ಲಿ ಕಂಪ್ಯೂಟರ್ ಪಾಠ ಮಾಡ್ತಿದ್ದ ಪ್ರೊಫೆಸರ್. ಗಿರಿ ಡಿಗ್ರಿ ಓದುವಾಗ ನೆಟ್‌ವರ್ಕ್ ಸಿಗಲ್ಲ ಅಂತ ಗುಡ್ಡ ಹತ್ತಿ ಫೋನಲ್ಲಿ ಪಾಠ ಕೇಳ್ತಿದ್ನಲ್ಲ, ಆ ಕೋರ್ಸೆರಾವನ್ನ ಆಂಡ್ರ್ಯೂ ಎಂಗ್ ಜೊತೆ 2012ರಲ್ಲಿ ಕಟ್ಟಿದ್ದೂ ಇವರೇ. ಡೆಮಿಸ್ ಹಸಾಬಿಸ್ ಅಂತ ಇನ್ನೊಬ್ಬರು, ಲಂಡನ್ನಿನವರು. ಚಿಕ್ಕವರಿದ್ದಾಗ ಚೆಸ್ ಆಟಗಾರ, ಆಮೇಲೆ ವಿಡಿಯೊ ಗೇಮ್ ಮಾಡ್ತಿದ್ರು. ಪ್ರೋಟೀನಿನ ಆಕಾರ ಹೇಳೋ ಕಂಪ್ಯೂಟರಿಗೆ 2024ರ ಕೆಮಿಸ್ಟ್ರಿ ನೊಬೆಲ್ ಜಾನ್ ಜಂಪರ್ ಜೊತೆ ಅವರಿಗೂ ಬಂತು. ಈಗ ಅವರದ್ದೂ ಔಷಧಿ ಕಂಪನಿ ಇದೆ. ಗಿರಿ ದಿನವಿಡೀ ಗೇಮ್ ಆಡ್ತಾನೆ ಅಂತ ಬೈತೀಯಲ್ಲ, ಸ್ವಲ್ಪ ತಡಿ. (ಇದನ್ನ ಅವನಿಗೆ ಓದಿ ಹೇಳ್ಬೇಡ.)

ಬುದ್ಧಿವಂತರು ಅಂದಮೇಲೆ ಗೆದ್ದೇ ಗೆಲ್ತಾರೆ ಅಂತ ಅಲ್ಲ. ಸಾಲ್ಟ್ ಲೇಕ್ ಸಿಟಿಯಲ್ಲಿ ರಿಕರ್ಶನ್ ಅಂತ ಒಂದು ಕಂಪನಿ, 2013ರಲ್ಲಿ ಶುರುವಾದದ್ದು. ಮಿದುಳಿನ ರಕ್ತನಾಳದ ಒಂದು ಕಾಯಿಲೆಗೆ ಔಷಧಿ ಹುಡುಕ್ತೀವಿ ಅಂತಲೇ ಹುಟ್ಟಿದ ಕಂಪನಿ ಅದು. ಮೊದಮೊದಲು ಗುಣ ಕಂಡ ಹಾಗಿತ್ತು. ಆಮೇಲೆ ಇನ್ನಷ್ಟು ತಿಂಗಳು ನೋಡಿದ್ರೆ ಆ ಗುಣ ನಿಲ್ಲಲಿಲ್ಲ. ಈ ವರ್ಷ ಮೇ ತಿಂಗಳಲ್ಲಿ ಆ ಔಷಧಿನೇ ಕೈಬಿಟ್ರು. ಹನ್ನೆರಡು ವರ್ಷ, ಅಮ್ಮ.

ನಮ್ಮಲ್ಲೊಬ್ಬರು ಕೆಮಿಸ್ಟ್ ಇದಾರೆ, ಅಪ್ಪಯ್ಯನ ವಯಸ್ಸು. ಮೂವತ್ತು ವರ್ಷದಿಂದ ಇದೇ ಕೆಲಸ. ಅವರ ಕೈಯ ಒಂದು ಅಣುವೂ ಇವತ್ತಿನ ತನಕ ಅಂಗಡಿಗೆ ಬಂದಿಲ್ಲ. ಬೇಜಾರಾಗಲ್ವಾ ಅಂತ ಕೇಳಿದೆ. ಭುಜ ಕುಣಿಸಿ ಊಟದ ಡಬ್ಬಿ ತೆಗೆದ್ರು. ಕಂಪ್ಯೂಟರ್ ಬಿಡಿಸಿದ ಅಣು ತೋರಿಸಿದ್ರೆ ಕನ್ನಡಕ ಇಳಿಸಿ ನೋಡಿ, "ಚೆಂದ ಇದೆ, ಆದ್ರೆ ಭೂಮಿ ಮೇಲೆ ಇದನ್ನ ಯಾರೂ ಮಾಡೋಕಾಗಲ್ಲ" ಅಂತಾರೆ. ಹೆಚ್ಚಿನ ಸಲ ಅವರೇ ಸರಿ. ಜೀವಕೋಶ ಸಾಕೋ ಹುಡುಗಿ ಇನ್ನೊಬ್ಬಳು. ಅವಕ್ಕೆ ದಿನ ಬಿಟ್ಟು ದಿನ ಆಹಾರದ ನೀರು ಬದಲಾಯಿಸ್ಬೇಕು, ಇಲ್ಲದಿದ್ರೆ ಸಾಯ್ತವೆ. ಕ್ರಿಸ್‌ಮಸ್ಸಿಗೂ ಬರ್ತಾಳೆ. ಕೊಟ್ಟಿಗೆಗೆ ರಜೆ ಇಲ್ಲ ಅಂತ ನೀನು ಹೇಳ್ತಿದ್ಯಲ್ಲ, ಅವಳಿಗೆ ಇಂಗ್ಲಿಷಲ್ಲಿ ಹೇಳ್ದೆ, ಅರ್ಥವಾಗಿ ಬಿದ್ದು ಬಿದ್ದು ನಕ್ಕಳು.

ನನ್ನ ಕೆಲಸ ಎಂತದು ಅಂತ ನೀನು ಪ್ರತಿ ಸಲ ಕೇಳ್ತೀಯ, ಈ ಸಲ ಹೇಳ್ತೀನಿ ಕೇಳು. ಮಂಡಿಯಲ್ಲಿ ಅಪ್ಪಯ್ಯ ಅಡಿಕೆ ರಾಶಿಗೆ ಕೈ ಹಾಕಿದ ಕೂಡ್ಲೆ ಇದು ಸರಕು, ಇದು ಬೆಟ್ಟೆ, ಇದು ಗೊರಬಲು ಅಂತಾರಲ್ಲ, ಹಾಗೆ ಜೀವಕೋಶದ ಫೋಟೊ ನೋಡಿ ಇದು ಕಾಯಿಲೆದು, ಇದು ಆರೋಗ್ಯದ್ದು ಅಂತ ಕಂಪ್ಯೂಟರಿಗೆ ಕಲಿಸೋದು. ಲಕ್ಷಗಟ್ಟಲೆ ಫೋಟೊ. ಒಂದು ಅಣು ಹಾಕಿದಾಗ ಕಾಯಿಲೆಯ ಕೋಶ ಆರೋಗ್ಯದ್ದರ ತರ ಕಂಡ್ರೆ, ಆ ಅಣು ಕೆಲಸಕ್ಕೆ ಬರಬಹುದು ಅಂತ ಲೆಕ್ಕ. ಬೇಸಿಗೆಯಲ್ಲಿ ನಮ್ಮ ಕಂಪ್ಯೂಟರ್ ನೂರಕ್ಕೆ ತೊಂಬತ್ತರಷ್ಟು ಸರಿ ಹೇಳ್ತು. ಕೇಕ್ ಕತ್ತರಿಸಿದ್ವಿ. ಆಮೇಲೆ ನೋಡಿದ್ರೆ ಅದು ಕಾಯಿಲೆ ಗುರುತು ಹಿಡಿದಿರಲೇ ಇಲ್ಲ. ಕಾಯಿಲೆಯ ಕೋಶಗಳನ್ನ ಹೆಚ್ಚಾಗಿ ತಟ್ಟೆ ಅಂಚಿನ ಗುಳಿಗಳಲ್ಲಿ ಇಟ್ಟಿದ್ವಿ, ಅಂಚಲ್ಲಿ ನೀರು ಬೇಗ ಆರತ್ತೆ, ಆ ಒಣಗಿದ್ದನ್ನ ನೋಡಿ ಹೇಳ್ತಿತ್ತು. ಅಡಿಕೆ ನೋಡದೆ ಚೀಲದ ಗುರುತು ನೋಡಿ ದರ ಹೇಳಿದ ಹಾಗೆ. ಮೂರು ತಿಂಗಳು ನೀರಲ್ಲಿ ಹೋಮ. ಕಂಪ್ಯೂಟರ್ ಹೇಳ್ತು ಅಂದ ಕೂಡ್ಲೆ ನಾವೇ ನಂಬಲ್ಲ, ಶೇಷಣ್ಣ ನಂಬ್ತಾರೆ.

ಮಂಗನ ಕಾಯಿಲೆಗೆ ಯಾಕೆ ಮಾಡಲ್ಲ ಅಂತ ಸಾವಿತ್ರತ್ತೆ ಕೇಳಿದ್ದು ಮನಸ್ಸಲ್ಲೇ ಉಳಿದಿದೆ. ಸೊರಬದ ಕ್ಯಾಸನೂರು ಕಾಡಲ್ಲಿ ಗುರುತಿಸಿದ್ದು 1957ರಲ್ಲಿ. ಇವತ್ತಿಗೂ ಅದಕ್ಕೇ ಅಂತ ಒಂದು ಔಷಧಿ ಇಲ್ಲ, ಜ್ವರಕ್ಕೆ ನೀರು, ಆರೈಕೆ, ಅಷ್ಟೇ. ನಮ್ಮ ಮೀಟಿಂಗಲ್ಲಿ ಒಂದ್ಸಲ ಕೇಳಿದೆ. ಎಷ್ಟು ಜನಕ್ಕೆ ಬರತ್ತೆ ಅಂದ್ರು, ಹೇಳ್ದೆ. ಅಲ್ಲಿಗೆ ಮುಗೀತು. ದುಡ್ಡು ಹಾಕೋರು ಬೇರೆ, ಅದನ್ನ ಹರಡೋ ಉಣ್ಣೆ ಹುಳದ ಕೈಲಿ ಕಚ್ಚಿಸ್ಕೊಳ್ಳೋರು ಬೇರೆ. ಡಿಸೆಂಬರ್ ಬಂತು, ಅಪ್ಪಯ್ಯ ಸೊಪ್ಪಿನ ಬೆಟ್ಟಕ್ಕೆ ಹೋಗೋದು ಬೇಡವೇ ಬೇಡ. ಗಿರಿ ಹೋದ್ರೆ ಎಣ್ಣೆ ಹಚ್ಕೊಂಡು ಹೋಗ್ಲಿ, ಬಂದ ಕೂಡ್ಲೆ ಬಿಸಿನೀರು ಸ್ನಾನ.

ಇಲ್ಲಿ ಎಂತ ವಿಶೇಷ ಅಂದ್ರೆ, ಊರ ಹಿಂದಿನ ಗುಡ್ಡದ ಮೇಲೆ ಮೈಲಿ ದೂರಕ್ಕೆ ಕಾಣೋ ಹಾಗೆ "ದಿ ಇಂಡಸ್ಟ್ರಿಯಲ್ ಸಿಟಿ" ಅಂತ ಅಕ್ಷರ ಇದೆ. ನಮ್ಮಲ್ಲಾದ್ರೆ ಗುಡ್ಡದ ಮೇಲೆ ದೇವಸ್ಥಾನ ಇರತ್ತೆ. ಜೆನೆನ್‌ಟೆಕ್ ಅಂತ 1976ರ ಕಂಪನಿ ಇದೇ ಊರಿಂದು. ಸಾವಿತ್ರತ್ತೆ ಚುಚ್ಕೊಳ್ಳೋ ಇನ್ಸುಲಿನ್ ಇದೆಯಲ್ಲ, ಆ ತರದ್ದನ್ನ ಬ್ಯಾಕ್ಟೀರಿಯಾ ಕೈಲಿ ಮೊದಲು ಮಾಡಿಸಿದ್ದು ಇವರೇ. ಕಂಪನಿ ಕಟ್ಟಿದ ಇಬ್ಬರು ಬಿಯರ್ ಮುಂದೆ ಇಟ್ಕೊಂಡು ಮಾತಾಡ್ತಾ ಕೂತಿರೋ ಕಂಚಿನ ಮೂರ್ತಿ ಮಾಡಿಟ್ಟಿದಾರೆ! ಕುಡಿಯೋಕೆ ಕೂತವರಿಗೆಲ್ಲ ಮೂರ್ತಿ ಅಂದ್ರೆ ತೀರ್ಥಹಳ್ಳಿ ಸಂತೆಬೀದಿಯಲ್ಲಿ ಕಾಲಿಡೋಕೆ ಜಾಗ ಇರಲ್ಲ. ಮಂಜು ಮಾತ್ರ ಆಗುಂಬೆ ಮಂಜೇ, ಮಳೆ ಇಲ್ಲದ ಆಗುಂಬೆ.

ನನ್ನ ಕೆಲಸದ ಬಗ್ಗೆ ಒಂಚೂರೂ ಯೋಚನೆ ಮಾಡ್ಬೇಡ. ಹೋದ ತಿಂಗಳು ಕೆಲವರನ್ನ ತೆಗೆದ್ರು, ನನ್ನ ಪಕ್ಕದ ಮೇಜು ಖಾಲಿ, ಆದ್ರೆ ನನ್ನದು ಗಟ್ಟಿ, ಏನೂ ಆಗಲ್ಲ, ಖಂಡಿತ ಆಗಲ್ಲ. ಮಾತ್ರೆ ದುಡ್ಡಿನ ಚಿಂತೆ ಬೇಡ, ಪ್ರತಿ ತಿಂಗಳು ಒಂದನೇ ತಾರೀಖು ಬರತ್ತೆ. ಅಡಿಕೆ ಮಾರಿ ಆಮೇಲೆ ತರೋಣ ಅಂತ ಅಪ್ಪಯ್ಯ ಮುಂದೆ ಹಾಕ್ತಾರೆ, ಬಿಡಬೇಡ. ಕೊಪ್ಪದ ಹುಡುಗನ ವಿಷಯ ಚೀಟಿಯಲ್ಲಿ ನಾಲ್ಕು ಸಾಲು ಬರೆದಿದ್ಯಲ್ಲ, ನಾನು ಓದಿಲ್ಲ ಅಂತಿಟ್ಕೋ.

ಇನ್ನೊಂದು. ಕೊಯ್ಲು ಶುರುವಾಗಿದೆ, ಅಪ್ಪಯ್ಯ ಅಡಿಕೆ ಬೇಯಿಸೋ ಹಂಡೆ ಹತ್ರ ಕೂರಬಾರದು. ಅಡಿಕೆಗೆ ಬಣ್ಣ ಕೊಡೋ ಚೊಗರಿನ ಹದ ಅವರಿಗೇ ಗೊತ್ತಾಗೋದು ನಿಜ, ಆದ್ರೆ ಆ ಹೊಗೆ ಅವರಿಗೆ ವಿಷ. ಕುರ್ಚಿ ಜಗಲಿಗೆ ಹಾಕು, ಗಿರಿ ಸೌಟಲ್ಲಿ ತಂದು ತೋರಿಸ್ಲಿ, ಅಲ್ಲಿಂದಲೇ ಬೈಲಿ. ಬೆರಳಿಗೆ ಹಾಕೋ ಆಕ್ಸಿಜನ್ ಮೀಟರ್ ಕೂತಾಗ ಒಂದ್ಸಲ, ಬಾವಿ ತನಕ ನಡೆದು ಬಂದ ಕೂಡ್ಲೆ ಒಂದ್ಸಲ ನೋಡಿ ಕ್ಯಾಲೆಂಡರ್ ಮೇಲೆ ಬರೀರಿ. 90ಕ್ಕಿಂತ ಕೆಳಗೆ ಬಂದ್ರೆ ಡಾಕ್ಟರಿಗೆ ಫೋನ್, ನನಗಲ್ಲ.

ಅಪ್ಪಯ್ಯಂಗೆ ಓದಿ ಹೇಳೋದು ಇಷ್ಟು ಮಾತ್ರ: "ಅಪ್ಪಯ್ಯ, ಹೊಸ ಔಷಧಿ ಬರೋದಾದ್ರೆ ಅದು ಬರೋ ತನಕ ನೀವು ಗಟ್ಟಿ ಇರ್ಬೇಕು, ಅದಕ್ಕೆ ಹಳೇದು ತಗೊಳ್ಲೇಬೇಕು. ಇದು ನಿಮ್ಮ ಮಗಳ ಕಂಪನಿ ರೂಲು." ರೂಲು ಗೀಲು ಎಂತದೂ ಇಲ್ಲ. ಆದ್ರೆ ನನ್ನ ಸುಳ್ಳು ನಂಬಿ ಬಿಟ್ಟದ್ದನ್ನ ಇನ್ನೊಂದು ಸುಳ್ಳು ನಂಬಿ ತಗೊಳ್ಳಲಿ.

ಸಾಗರದವಳು ಕೆಳಗೆ ಬಂದು ಹಾರ್ನ್ ಹೊಡೀತಿದಾಳೆ. ಅಜ್ಜಿಗೆ ನಮಸ್ಕಾರ, ಗಿರಿಗೆ ಆಶೀರ್ವಾದ. ನಾಳೆನೇ ಫೋನ್, ಮರೀಬೇಡ. ಊಟದ ಜೊತೆ.

ನಿನ್ನ ಮಗಳು

ಡಬ್ಬಿ ವಾಪಸ್ ಕಳಿಸಿದೀನಿ. ಇದನ್ನ ತಳದಲ್ಲೇ ಇಟ್ಟಿದೀನಿ, ಮೇಲೆ ಬಾದಾಮಿ ತುಂಬಿದೀನಿ. ಅಪ್ಪಯ್ಯ ಬಾದಾಮಿ ಮುಟ್ಟಲ್ಲ.