ಮಗಳಿಗೊಂದು ಪತ್ರ: ದೋಣಿಸಂತೆಗೆ ಹೊರಡುವ ಮುನ್ನ

ಪ್ರೀತಿಯ ಪುಟ್ಟಿ,

ಥಾಯ್ಲೆಂಡಿಗೆ ಹೋಗುವವಳು ದಮ್ನೋನ್ ಸದುವಾಕ್‌ನ ದೋಣಿಸಂತೆ ನೋಡಿಕೊಂಡೇ ಬಾ. ಆದರೆ ಬೆಳಿಗ್ಗೆ ಏಳೂವರೆಯೊಳಗೆ ಅಲ್ಲಿರಬೇಕು. ಒಂಬತ್ತು ದಾಟಿತೆಂದರೆ ಪ್ರವಾಸಿ ಬಸ್ಸುಗಳು ಬಂದಿಳಿದು, ದೋಣಿಗೆ ದೋಣಿ ಸಿಕ್ಕಿಕೊಂಡು, ಕಾಲುವೆಯಲ್ಲಿ ನೀರೇ ಕಾಣುವುದಿಲ್ಲ. ಬ್ಯಾಂಕಾಕಿನಿಂದ ಸುಮಾರು 100 ಕಿ.ಮೀ. ದಾರಿ, ಐದಕ್ಕೆಲ್ಲ ಹೊರಡಬೇಕಾಗುತ್ತದೆ. ಅದಕ್ಕಿಂತ ಹಿಂದಿನ ರಾತ್ರಿ ಹತ್ತಿರದ ಅಂಫಾವಾದಲ್ಲಿ ಉಳಿದುಕೊಳ್ಳುವುದೇ ಮೇಲು. ಅಲ್ಲಿ ಶುಕ್ರವಾರದಿಂದ ಭಾನುವಾರದವರೆಗೆ ಸಂಜೆ ಸಂತೆ ಸೇರುತ್ತದೆ, ಕತ್ತಲಾದ ಮೇಲೆ ಮಿಂಚುಹುಳು ನೋಡಲು ದೋಣಿ ಹೋಗುತ್ತದೆ.

ದಾರಿಯಲ್ಲಿ ಒಂದು ಮೋಸವಿದೆ. ಕೆಲವು ಚಾಲಕರು ಸಂತೆಗೆ ಇನ್ನೂ ದೂರವಿರುವಾಗಲೇ ಖಾಸಗಿ ಧಕ್ಕೆಯೊಂದರಲ್ಲಿ ಇಳಿಸಿ, ಇಲ್ಲಿಂದ ಮುಂದೆ ದೋಣಿಯೇ ಗತಿ ಎನ್ನುತ್ತಾರೆ. ಅಲ್ಲಿ ಕೇಳುವ ಬಾಡಿಗೆ ಸಾವಿರಗಟ್ಟಲೆ ಬಾತ್ (ಥಾಯ್ ಹಣ). ನಂಬಬೇಡ. ಸಂತೆಯವರೆಗೂ ರಸ್ತೆಯಿದೆ. ಫೋನಿನ ನಕ್ಷೆ ತೋರಿಸಿ, ಸಂತೆಯ ಬಳಿಯೇ ಇಳಿ.

ಹುಟ್ಟು ಹಾಕುವ ದೋಣಿಯನ್ನೇ ಹಿಡಿ. ಲಾಂಗ್‌ಟೇಲ್ ಬೋಟಿನ ಎಂಜಿನ್ ಕಿವಿ ಗಡಚಿಕ್ಕುತ್ತದೆ, ಬೇಕಾದ ಕಡೆ ನಿಂತು ಕೊಳ್ಳಲೂ ಆಗುವುದಿಲ್ಲ. ದರ ದೋಣಿಗೋ ತಲೆಗೋ, ಎಷ್ಟು ಹೊತ್ತಿಗೆ ಎಂಬುದನ್ನು ಹತ್ತುವ ಮೊದಲೇ ಕೇಳು. ಹತ್ತುವಾಗ ಕಾಲು ದೋಣಿಯ ನಡುಮಧ್ಯೆ ಇಡು, ತಕ್ಷಣ ಕೂತುಬಿಡು. ಇನ್ನು ಇದನ್ನು ಮರೆಯಲೇಬೇಡ: ಓಲಾಡಿದಾಗ ಕೈ ತಾನಾಗಿ ದೋಣಿಯ ಅಂಚಿಗೆ ಹೋಗುತ್ತದೆ, ಅಷ್ಟರಲ್ಲಿ ಪಕ್ಕದ ದೋಣಿ ಬಂದು ತಾಗಿದರೆ ಎರಡು ಹಲಗೆಗಳ ನಡುವೆ ಬೆರಳು ಜಜ್ಜಿಹೋಗುತ್ತದೆ. ಕೂತ ಹಲಗೆಯನ್ನೇ ಹಿಡಿದುಕೋ. ಕೆಲವು ವ್ಯಾಪಾರಿಗಳು ಉದ್ದ ಕೋಲಿನ ಕೊಕ್ಕೆ ಹಾಕಿ ನಿನ್ನ ದೋಣಿಯನ್ನು ತಮ್ಮತ್ತ ಎಳೆದುಕೊಳ್ಳುತ್ತಾರೆ, ಗಾಬರಿಯಾಗಬೇಡ. ಬೇಡವಾದರೆ ನಕ್ಕು ತಲೆಯಾಡಿಸು, ಬಿಟ್ಟುಬಿಡುತ್ತಾರೆ.

ದಡದ ಮಳಿಗೆಗಳ ಬಟ್ಟೆಬರೆ ಬ್ಯಾಂಕಾಕಿನಲ್ಲೂ ಸಿಗುತ್ತದೆ. ನಿನ್ನ ದುಡ್ಡು ದೋಣಿಯಲ್ಲೇ ಒಲೆ ಹೂಡಿ ಬೇಯಿಸುವ ಹೆಂಗಸರಿಗೆ ಸೇರಲಿ. ಖನೋಮ್ ಕ್ರೋಕ್ ತಿನ್ನು. ನಮ್ಮ ಗುಳಿಯಪ್ಪದ ಕಾವಲಿಯಂಥದ್ದರಲ್ಲಿ ಅಕ್ಕಿಹಿಟ್ಟು, ತೆಂಗಿನಹಾಲು ಹುಯ್ದು ಬೇಯಿಸುತ್ತಾರೆ. ತಳ ಗರಿಗರಿ, ಒಳಗೆ ಇನ್ನೂ ಕುದಿಯುವ ಹಾಲು. ಆರಲು ಬಿಡದಿದ್ದರೆ ನಾಲಿಗೆ ಸುಡುತ್ತದೆ. ಬೋಟ್ ನೂಡಲ್ಸ್ ಮಾತ್ರ ನಿನಗಲ್ಲ, ಅದರ ರಸಕ್ಕೆ ಹಂದಿಯದೋ ದನದ್ದೋ ರಕ್ತ ಬೆರೆಸುವುದು ವಾಡಿಕೆ. ಬರೀ ತರಕಾರಿ ಎಂದರೂ ಮೀನಿನ ಸಾಸ್ ಬಿದ್ದಿರುತ್ತದೆ, ಹಾಗಾಗಿ ‘ಕಿನ್ ಜೇ’ ಎಂದು ಹೇಳು. ಆಗ ಮೀನು, ಮಾಂಸ, ಮೊಟ್ಟೆ ಯಾವುದನ್ನೂ ಹಾಕುವುದಿಲ್ಲ.

20, 50, 100 ಬಾತ್‌ನ ನೋಟುಗಳಿರಲಿ, ಬೆಳಿಗ್ಗೆಯೇ ಸಾವಿರದ ನೋಟಿಗೆ ಚಿಲ್ಲರೆ ಹುಟ್ಟುವುದಿಲ್ಲ. ನೋಟು ಗಾಳಿಗೆ ಹಾರಿದರೆ ಕಾಲಿಟ್ಟು ತಡೆಯಬೇಡ. ಅದರ ಮೇಲೆ ರಾಜರ ಚಿತ್ರವಿದೆ, ತುಳಿಯುವುದು ಅಲ್ಲಿ ದೊಡ್ಡ ಅಪಚಾರ.

ಕಾಡುಪಾಪದ ಜಾತಿಯ ಪ್ರಾಣಿಯನ್ನು ಕೈಗೆ ಕೊಟ್ಟು ಫೋಟೋ ತೆಗೆಯುವವರು ಬಂದರೆ ದಯವಿಟ್ಟು ಒಪ್ಪಬೇಡ ಮಗಳೇ. ಅದು ರಾತ್ರಿ ಸಂಚರಿಸುವ ಜೀವ, ಹಗಲ ಬೆಳಕು ಅದಕ್ಕೆ ಹಿಂಸೆ. ಕಚ್ಚದಿರಲೆಂದು ಎಷ್ಟೋ ಸಲ ಹಲ್ಲು ಕತ್ತರಿಸಿರುತ್ತಾರೆ.

ಸಂತೆ ನೋಡಿದ ಮೇಲೆ ದೋಣಿಯವರಿಗೆ ಹೇಳಿ ಪಕ್ಕದ ಕಿರುಕಾಲುವೆಗೆ ತಿರುಗಿಸು. ದಮ್ನೋನ್ ಸದುವಾಕ್ ಎಂಬ ದೊಡ್ಡ ಕಾಲುವೆ, ಥಾಯ್ ದೊರೆ ನಾಲ್ಕನೇ ರಾಮನ ಕಾಲದಲ್ಲಿ, 1866ರಿಂದ 1868ರವರೆಗೆ, ಮೇಕ್ಲಾಂಗ್ ಮತ್ತು ತಾಚಿನ್ ನದಿಗಳನ್ನು ಸೇರಿಸಲು ತೋಡಿಸಿದ್ದು, 32 ಕಿ.ಮೀ. ಉದ್ದ. ಅದರಿಂದ ಕವಲೊಡೆದ ಸಣ್ಣ ಕಾಲುವೆಗಳು ತೋಟಗಳ ಒಳಗೆ ಹೋಗುತ್ತವೆ. ಇಕ್ಕೆಲಗಳಲ್ಲಿ ತೆಂಗು, ಚಕ್ಕೋತ, ನೀರಿಗಿಳಿಯುವ ಮೆಟ್ಟಿಲಿನ ಮನೆಗಳು. ಈ ತೋಟಗಳ ಹಣ್ಣು, ತರಕಾರಿ ಮಾರುವುದಕ್ಕೇ ಸಂತೆ ಹುಟ್ಟಿದ್ದು. ಅದಕ್ಕೆ ಅರ್ಧ ಗಂಟೆ ಹೆಚ್ಚಿಗೆ ಮಾತಾಡಿಕೊಂಡಿರು.

ನಿನ್ನ ಅಮ್ಮ