ಆಸ್ಪತ್ರೆಗೆ ಅಂಕ ಕೊಡುವವರು ಮೊದಲು ನಮ್ಮ ಜತೆ ಕೂರಲಿ

ಮಾನ್ಯ ಸಂಪಾದಕರೇ,

ನಮ್ಮ ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಗುಣಮಟ್ಟದ ತಪಾಸಣೆಗೆ ಬರುತ್ತಾರಂತೆ. ಗೋಡೆಗೆ ಬಣ್ಣ ಹೊಡೆಯುತ್ತಿದ್ದಾರೆ, ಹಳದಿ, ಕೆಂಪು ಕಸದ ಬಕೆಟ್‌ಗಳು ಹೊಸದಾಗಿ ಬಂದಿವೆ. ಸಂತೋಷವೇ. ಈಗ ಅಲ್ಲಿನ ಶೌಚಾಲಯಕ್ಕೆ ಧೈರ್ಯವಾಗಿ ಹೋಗಬಹುದು, ಹೆಂಗಸರಿಗೆ ಅದೇನು ಸಣ್ಣ ವಿಷಯವಲ್ಲ. ಆದರೆ ಒಳಗೆ ರೋಗಿಯನ್ನು ಹೇಗೆ ನೋಡಿಕೊಳ್ಳುತ್ತಾರೆ ಅನ್ನುವುದನ್ನು ಯಾರು ನೋಡುತ್ತಾರೆ?

ನಮ್ಮತ್ತೆಗೆ ಶುಗರ್, ಬಿಪಿ ಎರಡೂ ಇದೆ. ಪ್ರತಿ ತಿಂಗಳು ಮಾತ್ರೆಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಬಸ್ ಇಳಿದು, ಏರು ಹತ್ತಿ ಏದುಸಿರು ಬಿಡುತ್ತಾ ಬಂದವರನ್ನು ಕೂರಿಸಿದ ತಕ್ಷಣ ಸ್ವೆಟರ್ ಮೇಲೇ ಪಟ್ಟಿ ಸುತ್ತಿ ಬಿಪಿ ನೋಡುತ್ತಾರೆ. ಬಿಪಿ ನೋಡುವ ಮುಂಚೆ ಐದು ನಿಮಿಷ ಸುಮ್ನೆ ಕೂರಿಸಬೇಕು, ತೋಳಿನ ಮೇಲೆ ದಪ್ಪ ಬಟ್ಟೆ ಇರಬಾರದು, ಬೆನ್ನಿಗೆ ಆಸರೆ ಬೇಕು. ಇದಕ್ಕೆ ಹೊಸ ಯಂತ್ರವೇನೂ ಬೇಡ. ಒಂದು ಕುರ್ಚಿ, ಸ್ವಲ್ಪ ತಾಳ್ಮೆ ಸಾಕು.

ಆಮೇಲೆ ಔಷಧಿ ಕಿಟಕಿ. ಮಾತ್ರೆ ಪಟ್ಟಿಯನ್ನು ಕತ್ತರಿಯಲ್ಲಿ ತುಂಡು ಮಾಡಿ ಕೊಡುತ್ತಾರೆ. ಮಾತ್ರೆಯ ಹೆಸರು ಒಂದು ತುಂಡಿಗೆ, ಅವಧಿ ಮುಗಿಯುವ ತಾರೀಖು ಇನ್ಯಾರದೋ ಕೈಗೆ. 'ಇದು ಬೆಳಿಗ್ಗೆ, ಇದು ಎರಡು ಹೊತ್ತು' ಅಂತ ಒಂದೇ ಉಸಿರಿಗೆ ಹೇಳಿ ಮುಂದಿನವರನ್ನು ಕರೆಯುತ್ತಾರೆ. ಎರಡೂ ಬಿಳಿ ಮಾತ್ರೆ. ಓದು ಬಾರದ ಅತ್ತೆ ನೆನಪಿಟ್ಟುಕೊಳ್ಳುವುದಾದರೂ ಹೇಗೆ? ಮುಂಚೆ ಇಲ್ಲಿದ್ದ ಫಾರ್ಮಸಿಸ್ಟ್ ಒಬ್ಬರು ಕಾಗದದ ಕವರ್ ಮೇಲೆ ಬೆಳಗಿನ ಮಾತ್ರೆಗೆ ಸೂರ್ಯ, ರಾತ್ರಿಯದಕ್ಕೆ ಚಂದ್ರನ ಚಿತ್ರ ಬರೆದು ಕೊಡುತ್ತಿದ್ದರು. ಆಗ ಅತ್ತೆ ಯಾರನ್ನೂ ಕೇಳದೆ ಮಾತ್ರೆ ತಗೊಳ್ಳುತ್ತಿದ್ದರು. ಅವರಿಗೆ ವರ್ಗವಾಯಿತು, ಆ ಪದ್ಧತಿಯೂ ಹೋಯಿತು.

ಕಳೆದ ಮಳೆಗಾಲದಲ್ಲಿ ಅತ್ತೆಯ ಹಿಮ್ಮಡಿಯಲ್ಲಿ ಗಾಯವಾಗಿತ್ತು. ಶುಗರ್‌ನಿಂದ ಪಾದ ಮರಗಟ್ಟಿರುವುದರಿಂದ ಅವರಿಗೇ ಗೊತ್ತಾಗಿರಲಿಲ್ಲ. ಅದನ್ನು ಕಂಡುಹಿಡಿದವರು ಮನೆಗೆ ಬಂದ ಆಶಾ ಕಾರ್ಯಕರ್ತೆ. ತಿಂಗಳು ತಿಂಗಳು ಹೋಗುವ ಆಸ್ಪತ್ರೆಯಲ್ಲಿ 'ಚಪ್ಪಲಿ ಬಿಡಿ, ಕಾಲು ತೋರಿಸಿ' ಅಂತ ಒಬ್ಬರೂ ಅಂದಿರಲಿಲ್ಲ. ಶುಗರ್ ಇರುವವರ ಪಾದವನ್ನು ವರ್ಷಕ್ಕೊಮ್ಮೆಯಾದರೂ ಪೂರ್ತಿ ನೋಡಲೇಬೇಕು. ಬೆರಳು, ಕಾಲು ಕಳೆದುಕೊಂಡವರನ್ನು ನಮ್ಮೂರಲ್ಲೇ ನೋಡಿದ್ದೇವೆ.

ವೈದ್ಯರನ್ನು ಬೈಯುವುದಕ್ಕೆ ಇದನ್ನು ಬರೆಯುತ್ತಿಲ್ಲ. ಬಯಲುಸೀಮೆಯಲ್ಲಿ 30 ಸಾವಿರ ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಅನ್ನುವುದು ಸರ್ಕಾರದ ಲೆಕ್ಕ. ನಮ್ಮಲ್ಲಿರುವುದು ಒಬ್ಬರೇ ಡಾಕ್ಟರು. ಸಂತೆ ದಿನ ಅವರಿಗೆ ತಲೆ ಎತ್ತಲೂ ಬಿಡುವಿರುವುದಿಲ್ಲ. ಜನ ಸಾಲದು ಅನ್ನುವುದು ತಪಾಸಣೆಯಲ್ಲೇ ಬರವಣಿಗೆಯಲ್ಲಿ ದಾಖಲಾಗಲಿ, ಅದರಿಂದ ಅವರಿಗೂ ಅನುಕೂಲ.

ರಾಷ್ಟ್ರೀಯ ಗುಣಮಟ್ಟ ಖಾತರಿ ಮಾನದಂಡಗಳ ಪ್ರಕಾರ ತಪಾಸಣೆ ಮಾಡುವವರು ಕಣ್ಣಾರೆ ನೋಡಬೇಕು, ಸಿಬ್ಬಂದಿಯನ್ನು ಕೇಳಬೇಕು, ದಾಖಲೆ ಓದಬೇಕು, ರೋಗಿಗಳ ಜತೆಯೂ ಮಾತಾಡಬೇಕು. ರೋಗಿಯ ಹಕ್ಕು, ಚಿಕಿತ್ಸೆಯ ರೀತಿ ಎರಡಕ್ಕೂ ಅಲ್ಲಿ ಅಂಕವಿದೆ. ಹಾಗಿದ್ದ ಮೇಲೆ ಸಿಬ್ಬಂದಿ ಮುಂದೆ ನಿಲ್ಲಿಸಿ 'ಎಲ್ಲಾ ಚೆನ್ನಾಗಿದೆಯಾ ಅಮ್ಮಾ?' ಅಂತ ಕೇಳಿದರೆ ಆಗದು. ಮುಂದಿನ ತಿಂಗಳೂ ಅದೇ ಕಿಟಕಿಗೆ ಕೈಚಾಚಬೇಕಾದವರು ಚೆನ್ನಾಗಿಲ್ಲ ಅನ್ನುತ್ತಾರಾ? ಹೊರಗಡೆ ಬಸ್ಸಿಗೆ ಕಾಯುವಾಗ ಕೇಳಲಿ. ಕೈಯಲ್ಲಿರುವ ಮಾತ್ರೆ ತೋರಿಸಿ, ಇದನ್ನು ಯಾವಾಗ ತಗೋತೀರಿ ಅಂತ ಕೇಳಲಿ. ಉತ್ತರ ಬರದಿದ್ದರೆ ಅದಕ್ಕೆ ಅಂಕ ಕಳೆಯಲಿ.

ತಾಲ್ಲೂಕು ಆರೋಗ್ಯಾಧಿಕಾರಿಗಳಲ್ಲಿ ನನ್ನ ಮನವಿ ಇಷ್ಟು: ಮುಂಚೆ ತಿಳಿಸದೆ ಒಂದು ಸಂತೆ ದಿನ ತಪಾಸಣೆಯವರನ್ನು ಕಳಿಸಿ. ಎಷ್ಟು ಅಂಕ ಬಂತು, ಯಾವುದಕ್ಕೆ ಕಡಿಮೆ ಬಂತು ಅಂತ ಕನ್ನಡದಲ್ಲಿ ಬರೆಸಿ ಚೀಟಿ ಕೊಡುವ ಕೌಂಟರ್ ಪಕ್ಕ ಹಾಕಿಸಿ. ಆರೋಗ್ಯ ರಕ್ಷಾ ಸಮಿತಿಯ ಮುಂದಿನ ಸಭೆಗೆ ಶುಗರ್, ಬಿಪಿ ಮಾತ್ರೆ ಪಡೆಯುವ ಒಂದಿಬ್ಬರನ್ನಾದರೂ ಕರೆಯಿರಿ. ಕರೆದರೆ ಅತ್ತೆಯನ್ನು ಕರೆದುಕೊಂಡು ನಾನು ಬರುತ್ತೇನೆ.

– ಓದುಗರೊಬ್ಬರು, ಅರಸೀಕೆರೆ ತಾಲ್ಲೂಕು