ಗಿಟಾರ್ ತರಗತಿ: ಹಾಡಿಗೆ ಮೊದಲು ಕೈ ಪಳಗಲಿ

ಮಾನ್ಯರೇ,

ಬೇಸಿಗೆ ರಜೆಯಲ್ಲಿ ಗಿಟಾರ್ ತರಗತಿಗೆ ಸೇರುವ ಮಕ್ಕಳು ನಮ್ಮ ಊರಿನಲ್ಲಿ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿರುವುದು ಸಂತೋಷದ ಸಂಗತಿ. ಆದರೆ ಕೆಲವೆಡೆ ಕಲಿಸುವುದರಲ್ಲಿ ಕಾಣುವ ಅವಸರದ ಬಗ್ಗೆ ಒಬ್ಬ ತಾಯಿಯಾಗಿ ಎರಡು ಮಾತು ಹೇಳಬೇಕೆನಿಸಿದೆ.

ನನ್ನ ಮಗಳು ಹೋಗುತ್ತಿದ್ದ ತರಗತಿಯಲ್ಲಿ ಮೂರನೇ ವಾರಕ್ಕೇ ಸಮಾರೋಪ ಕಾರ್ಯಕ್ರಮದ ಹಾಡನ್ನು ಕೈಗೆತ್ತಿಕೊಂಡರು. ಅವಳಿಗೆ ಆಗ ಜಿ, ಸಿ, ಡಿ ಎಂಬ, ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ಕಾರ್ಡ್‌ಗಳಿಗೆ ಬೆರಳು ಎಲ್ಲಿಡಬೇಕೆಂದು ಗೊತ್ತಿತ್ತೇ ಹೊರತು ಒಂದರಿಂದ ಇನ್ನೊಂದಕ್ಕೆ ಹೊರಳಲು ಬರುತ್ತಿರಲಿಲ್ಲ. ಕಾರ್ಡ್ ಬದಲಾದಾಗಲೆಲ್ಲ ಬಲಗೈ ನಿಂತುಬಿಡುತ್ತಿತ್ತು. ಕತ್ತು ಬಗ್ಗಿಸಿ ತಂತಿಗಳನ್ನು ನೋಡಿಕೊಂಡು, ಬೆರಳುಗಳನ್ನು ಒಂದೊಂದಾಗಿ ಊರಿ, ಮತ್ತೆ ಮೀಟುವಷ್ಟರಲ್ಲಿ ಉಳಿದವರು ಮುಂದಿನ ಸಾಲಿಗೆ ಹೋಗಿರುತ್ತಿದ್ದರು. ತನಗೆ ಸಂಗೀತ ಒಲಿಯುವುದಿಲ್ಲವೆಂದು ಅಳುತ್ತ ಮನೆಗೆ ಬಂದಳು.

ಹಾಡನ್ನು ಬದಿಗಿಟ್ಟು ಸಿ ಮತ್ತು ಎ ಮೈನರ್ ಎರಡನ್ನೇ ಹಿಡಿದು ಕೂತೆವು. ಈ ಎರಡಕ್ಕೂ ತೋರುಬೆರಳು, ನಡುಬೆರಳು ಇದ್ದಲ್ಲೇ ಇರುತ್ತವೆ. ಉಂಗುರ ಬೆರಳೊಂದೇ ಐದನೇ ತಂತಿಯ ಮೂರನೇ ಫ್ರೆಟ್‌ನಿಂದ (ಫ್ರೆಟ್ ಎಂದರೆ ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿ) ಮೂರನೇ ತಂತಿಯ ಎರಡನೇ ಫ್ರೆಟ್‌ಗೆ ಸರಿಯಬೇಕು. ಒಂದು ನಿಮಿಷದಲ್ಲಿ ಎಷ್ಟು ಸಲ ಸ್ವಚ್ಛವಾಗಿ ಬದಲಾಯಿಸಲಾಯಿತೆಂದು ದಿನವೂ ಎಣಿಸಿದೆವು. ಮೊದಲ ದಿನ 9 ಸಲ ಆಗಿದ್ದದ್ದು ತಿಂಗಳೊಳಗೆ 30 ದಾಟಿತು. ಅಳು ಅದಕ್ಕಿಂತ ಮೊದಲೇ ನಿಂತಿತ್ತು.

ಬಲಗೈಗೆ ನೆರವಾದದ್ದು ನಮ್ಮದೇ ಕೊನ್ನಕ್ಕೋಲು, ಅಂದರೆ ಲಯದ ಜತಿಗಳನ್ನು ಬಾಯಲ್ಲಿ ಹೇಳುವ ಕಲೆ. ‘ತಕಧಿಮಿ ತಕಜನು’ ಎಂಬ ಎಂಟು ಅಕ್ಷರಗಳಿಗೆ ಕೈಯನ್ನು ಒಮ್ಮೆ ಕೆಳಗೆ, ಒಮ್ಮೆ ಮೇಲೆ ಬಿಡದೆ ಆಡಿಸುತ್ತ, ಮೊದಲ ಪದದ ‘ಕ’ ಮತ್ತು ಎರಡನೇ ಪದದ ‘ತ’ ಬಂದಾಗ ಮಾತ್ರ ತಂತಿಗೆ ತಾಗಿಸದೆ ಹೋದರೆ, ಹೊಸಬರು ಬಹುತೇಕ ಮೊದಲು ಕಲಿಯುವ ‘ಕೆಳಗೆ, ಕೆಳಗೆ, ಮೇಲೆ, ಮೇಲೆ, ಕೆಳಗೆ, ಮೇಲೆ’ ಎಂಬ ಸ್ಟ್ರಮ್ಮಿಂಗ್ (ತಂತಿಗಳನ್ನು ಒಟ್ಟಿಗೆ ಮೀಟುವ ಕ್ರಮ) ತಾನಾಗಿ ಮೂಡುತ್ತದೆ. ತಂತಿಗೆ ತಾಗದಿದ್ದಾಗಲೂ ಕೈ ಚಲಿಸುತ್ತಲೇ ಇರಬೇಕೆಂಬುದನ್ನು ತರಗತಿಯಲ್ಲಿ ಯಾರೂ ಅವಳಿಗೆ ಹೇಳಿರಲಿಲ್ಲ.

ಕರ್ನಾಟಕ ಸಂಗೀತದಲ್ಲಿ ಆರಂಭದ ಪಾಠವಾದ ಸರಳೆ ವರಸೆಯನ್ನು ಮೂರು ಕಾಲಗಳಲ್ಲಿ (ವೇಗಗಳಲ್ಲಿ) ಸಾಧಿಸಿದ ಮೇಲೆಯೇ ಮುಂದಿನ ಪಾಠಕ್ಕೆ ಹೋಗುವ ಕ್ರಮವನ್ನು ನಾವೆಲ್ಲ ಸಹಜವಾಗಿ ಒಪ್ಪಿಕೊಂಡಿದ್ದೇವೆ. ವಾದ್ಯ ಪಶ್ಚಿಮದ್ದೆಂಬ ಕಾರಣಕ್ಕೆ ಆ ತಾಳ್ಮೆ ಬೇಡವಾಗುವುದಿಲ್ಲ.

ಇನ್ನೊಂದು ವಿಷಯ. ತಂತಿಗಳು ಫ್ರೆಟ್‌ಗಳಿಂದ ಬಹಳ ಎತ್ತರದಲ್ಲಿರುವ ಗಿಟಾರನ್ನು ಒತ್ತುವುದು ದೊಡ್ಡವರಿಗೇ ಕಷ್ಟ. ಬೆರಳ ತುದಿ ಮೊದಲ ಕೆಲವು ವಾರ ನೋಯುವುದು ಸಹಜವೆಂದು ಸುಮ್ಮನಿರುವ ಮುನ್ನ, ಶಿಕ್ಷಕರು ಒಮ್ಮೆ ಮಗುವಿನ ಗಿಟಾರನ್ನು ತಾವೇ ನುಡಿಸಿ ನೋಡಿ, ತಂತಿಯ ಎತ್ತರವನ್ನು ಸರಿಪಡಿಸಲು ಹೇಳಬೇಕು.

ಮೊದಲ ತಿಂಗಳ ಕೊನೆಗೆ ವೇದಿಕೆ ಹತ್ತಿಸುವ ಬದಲು ಪೋಷಕರನ್ನು ತರಗತಿಗೇ ಕರೆದು, ಮಕ್ಕಳು ಎರಡು ಕಾರ್ಡ್‌ಗಳನ್ನು ಲಯ ತಪ್ಪದೆ ಬದಲಾಯಿಸುವುದನ್ನು ಕೇಳಿಸಲಿ ಎಂದು ಶಿಕ್ಷಕರಲ್ಲಿ ನನ್ನ ವಿನಂತಿ. ಪೋಷಕರಾದ ನಾವೂ ‘ಯಾವ ಹಾಡು ಕಲಿತೆ?’ ಎಂದು ವಾರವಾರವೂ ಕೇಳುವುದನ್ನು ಒಂದೆರಡು ತಿಂಗಳ ಮಟ್ಟಿಗಾದರೂ ಬಿಡೋಣ.

– ಒಬ್ಬ ಪೋಷಕಿ, ಶಿವಮೊಗ್ಗ